ಸದ್ದು ಸಿಕ್ಕಿತು, ಅದು ಸಂವಹನವೇ?

ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗೆ ಕಾಲುವೆ ನೀರು ಬಂದ ಮೇಲೆ ಜೀವಿಗಳ ಕೂಗನ್ನು ರೆಕಾರ್ಡ್ ಮಾಡಿ ಅರಿಯುವ ರಾತ್ರಿ ಅಭ್ಯಾಸಕ್ಕೆ ಸದ್ದಿನ ಬರವಿಲ್ಲ. ಕಪ್ಪೆ, ಚಿಮ್ಮಂಡೆ ಎರಡೂ ಒಟ್ಟಿಗೆ ಸಿಗುತ್ತವೆ. ತೊಡಕಿರುವುದು ರೆಕಾರ್ಡಿಂಗಿನಲ್ಲಿ.

ಮೊಬೈಲಿನ ವಾಯ್ಸ್ ರೆಕಾರ್ಡರ್ ಮನುಷ್ಯರ ಮಾತಿಗೆಂದು ಮಾಡಿದ್ದು. ಒಂದೇ ಸಮನೆ ಬರುವ ಚಿಮ್ಮಂಡೆ ದನಿಯನ್ನು ಅದು ಗದ್ದಲವೆಂದು ಅಳಿಸಿಬಿಡಬಹುದು. ಕಪ್ಪೆ ಸುಮ್ಮನಾದರೆ ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಮಟ್ಟ, ತಾನಾಗಿ ಏರುತ್ತದೆ. ಆಮೇಲೆ ಯಾವುದು ಜೋರು, ಯಾವುದು ಮೆಲ್ಲಗೆ ಎಂದು ಹೋಲಿಸುವಂತಿಲ್ಲ. ಗೇನನ್ನು ಕೈಯಿಂದ ಹೊಂದಿಸಲು ಬಿಡುವ ಆ್ಯಪ್ ಬಳಸಿ, ಅತಿ ಜೋರಾದ ಕೂಗು ಅದರ ಮಾಪಕದಲ್ಲಿ (ಅಲ್ಲಿ 0 ಎಂದರೆ ಗರಿಷ್ಠ ಮಿತಿ) −12 ಡೆಸಿಬಲ್ ದಾಟದಂತೆ ಇಡಿ. ಫೈಲ್ ಸದ್ದಿನ ವಿವರ ಬಿಟ್ಟು ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದ ವೇವ್ ಇರಲಿ. ಗಾಳಿ ತಡೆಯಲು ಮೈಕಿಗೆ ಸ್ಪಂಜು ಹಾಕಿ. ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಹಾಗಾಗಿ ಮೈಕಿನ ಅಂತರವನ್ನೂ ಗಾಳಿಯ ಉಷ್ಣಾಂಶವನ್ನೂ ಬರೆದಿಡಿ. ಸೆಕೆ ಏರಿದಷ್ಟೂ ಚಿಮ್ಮಂಡೆ ವೇಗವಾಗಿ ಕೂಗುತ್ತದೆ.

ಯಾವ ಹೊತ್ತಿನಲ್ಲಿ ಯಾವ ಆವರ್ತನದ ಸದ್ದಿದೆ ಎಂದು ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಮಿನಲ್ಲಿ ಮೋಸ ಹೋಗುವ ಜಾಗಗಳಿವೆ. ಗೇನ್ ಹೆಚ್ಚಾಗಿ ಅಲೆಯ ತುದಿ ಕತ್ತರಿಸಿದ್ದರೆ ಮೂಲ ಆವರ್ತನದ ಮೂರು ಪಟ್ಟು, ಐದು ಪಟ್ಟಿನಲ್ಲಿ ಹುಸಿ ಗೆರೆಗಳು ಮೂಡುತ್ತವೆ. 50, 100, 150 ಹರ್ಟ್ಸ್‌ನಲ್ಲಿ ಅಲುಗದೆ ನಿಂತ ಗೆರೆ ಕಂಡರೆ ಮೊದಲು ಪಂಪ್‌ಸೆಟ್ಟನ್ನು, ಕರೆಂಟ್ ಲೈನನ್ನು ಅನುಮಾನಿಸಿ. ವಿಂಡೋ ಗಾತ್ರದ, ಅಂದರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್‌ಗಳ ತುಣುಕನ್ನು ವಿಶ್ಲೇಷಿಸಬೇಕು ಎಂಬುದರ, ಆಯ್ಕೆಯಂತೂ ಮುಖ್ಯ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 512ರ ವಿಂಡೋ ಎಂದರೆ ಕಾಲದಲ್ಲಿ 11.6 ಮಿಲಿಸೆಕೆಂಡು, ಆವರ್ತನದಲ್ಲಿ 86 ಹರ್ಟ್ಸ್ ಅಂತರ. ಚಿಮ್ಮಂಡೆಯ ಒಂದೊಂದು ಮಿಡಿತವೂ ಬೇರೆಯಾಗಿ ಕಾಣುತ್ತದೆ. 4096 ಇಟ್ಟರೆ ಆವರ್ತನ ನಿಖರವಾಗುತ್ತದೆ, ಮಿಡಿತಗಳು ಕಲಸಿ ಒಂದೇ ಪಟ್ಟಿಯಾಗುತ್ತವೆ. ಈ ದರದಲ್ಲಿ 22.05 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ದಾಖಲಾಗುವುದೇ ಇಲ್ಲ. ಬಾವಲಿಗಳ ಬೇಟೆಯ ಕೂಗು ಬಹುತೇಕ ಅದರ ಮೇಲಿದೆ. ಹುಣಸೆಮರಕ್ಕೆ ಜೋತುಬೀಳುವ ದೊಡ್ಡ ಹಣ್ಣುಬಾವಲಿ ಕೂಗಿನ ಪ್ರತಿಧ್ವನಿ ಹಿಡಿದು ದಾರಿ ಹುಡುಕುವುದಿಲ್ಲ, ಅದರಲ್ಲಿ ಅಂಥ ಬೇಟೆಯ ಕೂಗನ್ನು ಹುಡುಕಬೇಡಿ.

ಇಷ್ಟಾದರೂ ಕೈಯಲ್ಲಿರುವುದು ಸದ್ದು ಮಾತ್ರ. ಅದನ್ನು ಸಂವಹನ ಎನ್ನಲು ಕೇಳಿದ ಜೀವಿ ತನ್ನ ನಡವಳಿಕೆ ಬದಲಿಸಿದ್ದಾದರೂ ಕಾಣಬೇಕು. 1913ರಲ್ಲಿ ಜೀವವಿಜ್ಞಾನಿ ಯೊಹಾನ್ ರೇಗೆನ್ ಗಂಡು ಚಿಮ್ಮಂಡೆಯ ಕೂಗನ್ನು ಟೆಲಿಫೋನಿನಲ್ಲಿ ಕೇಳಿಸಿದಾಗ ಹೆಣ್ಣು ರಿಸೀವರ್ ಹತ್ತಿರ ಬಂತು. ವಾಸನೆಯೂ ಇಲ್ಲ, ನೋಟವೂ ಇಲ್ಲ, ಬರೀ ಸದ್ದು. ನಮ್ಮ ಪ್ರಯೋಗದಲ್ಲೂ ಹೀಗೆಯೇ ಕೂಗನ್ನು ಮರುಪ್ರಸಾರ ಮಾಡಬೇಕು, ಹೋಲಿಕೆಗೆ ಅಷ್ಟೇ ಜೋರಿನ ಬೇರೊಂದು ಸದ್ದನ್ನೂ ಕೇಳಿಸಬೇಕು.

ಗಿಡದ ವಿಷಯದಲ್ಲಿ ಅವಸರ ಬೇಡ. 2023ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ತಂಡ ಸುಮಾರು 10 ಸೆಂಟಿಮೀಟರ್ ದೂರದಿಂದ ಟೊಮ್ಯಾಟೊ, ತಂಬಾಕು ಗಿಡಗಳ ಅಲ್ಟ್ರಾಸಾನಿಕ್ (ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಆವರ್ತನದ) ಟಿಕ್‌ಗಳನ್ನು ದಾಖಲಿಸಿತು. ನೀರಿಲ್ಲದ ಟೊಮ್ಯಾಟೊದಿಂದ ಗಂಟೆಗೆ ಸರಾಸರಿ 35ರಷ್ಟು, ಚೆನ್ನಾಗಿರುವ ಗಿಡದಿಂದ ಒಂದಕ್ಕಿಂತ ಕಡಿಮೆ. ನೀರೇರುವ ನಾಳಗಳಲ್ಲಿ ಗುಳ್ಳೆ ಒಡೆಯುವುದು ಕಾರಣವಿರಬಹುದು. ‘ಗಿಡ ಅಳುತ್ತದೆ’ ಎಂಬ ತಲೆಬರಹ ಇದನ್ನು ಹಾಳು ಮಾಡಿತು. ಪತಂಗವೊಂದು ಆ ಸದ್ದು ಕೇಳಿ ಮೊಟ್ಟೆ ಇಡಲು ಬೇರೆ ಗಿಡ ಆರಿಸಿಕೊಂಡರೂ ಅದು ಪತಂಗಕ್ಕೆ ಸಿಕ್ಕ ಸುಳಿವು. ಗಿಡ ಕಳಿಸಿದ ಸಂಕೇತ ಎನ್ನಲು ಗಿಡಕ್ಕೆ ಅದರಿಂದ ಲಾಭವಿದೆಯೆಂದು, ಆ ಲಾಭಕ್ಕಾಗಿಯೇ ಸದ್ದು ರೂಪುಗೊಂಡಿದೆಯೆಂದು ತೋರಿಸಬೇಕು.