237 ಆದ ಮೇಲೆ 239: ಸಂವಿಧಾನದ ಏಳನೇ ಭಾಗ ಎಲ್ಲಿ ಹೋಯಿತು?

ಎರಡು ದಿನದಿಂದ ತಲೆ ತಿಂದದ್ದು ಒಂದೇ ಸಂಖ್ಯೆ, 238. ಪುಸ್ತಕದಲ್ಲಿ 237ನೇ ವಿಧಿ ಮುಗಿದರೆ ಮುಂದೆ 239. ಆರನೇ ಭಾಗ ಆದ ಮೇಲೆ ಎಂಟನೆಯದು. ನಡುವೆ ‘ರದ್ದು’ ಅಂತ ಒಂದು ಪದ, ಅಷ್ಟೇ. ಬಗೆಹರಿದ ಮೇಲೆ ಗೊತ್ತಾಯಿತು, ರದ್ದಾದ ಆ ಭಾಗ ನಮ್ಮ ಕೊಪ್ಪಳ, ರಾಯಚೂರಿನದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸಂವಿಧಾನ ರಚನೆಯ ದಿನಾಂಕಗಳು ಎಲ್ಲರಿಗೂ ಗೊತ್ತಿರುವುದೇ. ರಚನಾ ಸಭೆಯ ಮೊದಲ ಬೈಠಕ್ 1946ರ ಡಿಸೆಂಬರ್ 9, ಕರಡು ಸಮಿತಿಯ ನೇಮಕ 1947ರ ಆಗಸ್ಟ್ 29, ಅಂಗೀಕಾರ 1949ರ ನವೆಂಬರ್ 26, ಸದಸ್ಯರ ಸಹಿ 1950ರ ಜನವರಿ 24, ಜಾರಿ ಜನವರಿ 26. ಸಭೆ ಸೇರುತ್ತಿದ್ದ ಜಾಗ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್. ಆ ಕಟ್ಟಡಕ್ಕೆ 2023ರಿಂದ ಸಂವಿಧಾನ ಸದನ ಎಂಬ ಹೆಸರು. ಒಂದು ಮಾತು ಗಮನಿಸಿ: ಪೌರತ್ವದ 5ರಿಂದ 9ನೇ ವಿಧಿಗಳು, ಚುನಾವಣಾ ಆಯೋಗದ 324 ಸೇರಿ ಕೆಲವು ವಿಧಿಗಳು ನವೆಂಬರ್ 26ರಂದೇ ಜಾರಿಗೆ ಬಂದವು. ಹಾಗೆ ಹೇಳುವುದು 394ನೇ ವಿಧಿ.

ಈಗ ನಾನು ಎಡವಿದ ಜಾಗ. 1950ರಲ್ಲಿ ರಾಜ್ಯಗಳೆಲ್ಲ ಒಂದೇ ದರ್ಜೆಯವಲ್ಲ. ಬ್ರಿಟಿಷರ ಪ್ರಾಂತ್ಯಗಳಾಗಿದ್ದವು ‘ಎ’ ರಾಜ್ಯ, ಅಲ್ಲಿ ರಾಜ್ಯಪಾಲ. ದೊಡ್ಡ ಸಂಸ್ಥಾನಗಳು, ಸಂಸ್ಥಾನಗಳ ಒಕ್ಕೂಟಗಳು ‘ಬಿ’ ರಾಜ್ಯ, ಅಲ್ಲಿ ರಾಜ್ಯಪಾಲರ ಸ್ಥಾನದಲ್ಲಿ ರಾಜಪ್ರಮುಖ. ಬಳ್ಳಾರಿ ಮದ್ರಾಸಿನಲ್ಲಿತ್ತು, ಆದ್ದರಿಂದ ‘ಎ’. ರಾಯಚೂರು ಹೈದರಾಬಾದಿನಲ್ಲಿತ್ತು, ಆದ್ದರಿಂದ ‘ಬಿ’, ರಾಜಪ್ರಮುಖ ನಿಜಾಮ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ತಾಲೂಕು. ಹೊಸಪೇಟೆಯಿಂದ ಹೊಳೆ ದಾಟಿ ಮುನಿರಾಬಾದಿಗೆ ಬಂದರೆ ‘ಎ’ ಇಂದ ‘ಬಿ’ಗೆ ಬಂದ ಹಾಗೆ! ಸಂಡೂರು ಸಂಸ್ಥಾನವಾಗಿತ್ತಲ್ಲ, ಅದೇಕೆ ‘ಬಿ’ ಅಲ್ಲ ಅಂತ ನನಗೂ ಅನುಮಾನ ಬಂತು. ಅದು 1949ರಲ್ಲೇ ಮದ್ರಾಸಿನಲ್ಲಿ ವಿಲೀನವಾಗಿತ್ತು, ಹಾಗಾಗಿ ‘ಎ’.

‘ಎ’ ರಾಜ್ಯಗಳ ಆಡಳಿತಕ್ಕೆ ಆರನೇ ಭಾಗ, ‘ಬಿ’ ರಾಜ್ಯಗಳಿಗೆ ಏಳನೆಯದು. ಆರರಲ್ಲಿ ಅಷ್ಟೊಂದು ವಿಧಿ, ಏಳರಲ್ಲಿ 238 ಒಂದೇ. ಯಾಕೆ? ಮತ್ತೆ ಎಲ್ಲವನ್ನೂ ಬರೆಯುವ ಬದಲು, ಆರನೇ ಭಾಗವೇ ಇವಕ್ಕೂ ಅನ್ವಯ, ‘ರಾಜ್ಯಪಾಲ’ ಇದ್ದಲ್ಲಿ ‘ರಾಜಪ್ರಮುಖ’ ಎಂದು ಓದಿಕೊಳ್ಳಿ, ಜೊತೆಗೆ ಇನ್ನಷ್ಟು ಮಾರ್ಪಾಡು ಎಂದು ಆ ಒಂದೇ ವಿಧಿಯಲ್ಲಿ ಹೇಳಿದರು. 1956ರ ನವೆಂಬರ್ 1ಕ್ಕೆ ಏಳನೇ ತಿದ್ದುಪಡಿ ಈ ಎ, ಬಿ ಭೇದವನ್ನೇ ತೆಗೆಯಿತು. ಏಳನೇ ತಿದ್ದುಪಡಿಯಿಂದ ಏಳನೇ ಭಾಗ ಹೋಯಿತು ಎಂದು ನೆನಪಿಡಿ, ಸಾಕು. ಬಳ್ಳಾರಿಯದು ಮಾತ್ರ ನಡುವೆ ಇನ್ನೊಂದು ತಿರುವು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿ, ಮೂರು ವರ್ಷ ಅದೂ ‘ಬಿ’ ರಾಜ್ಯದಲ್ಲಿತ್ತು. ಮೈಸೂರಿಗೂ ರಾಜಪ್ರಮುಖರೇ ಇದ್ದರು.

ಇದನ್ನು ನೆನಪಿಡಲು ನನಗೆ ಬಹಳ ಹಿಡಿಸಿದ್ದು ಸಂವಿಧಾನದ ಮೂಲ ಪ್ರತಿಯ ಚಿತ್ರಗಳ ದಾರಿ. ಮೂಲ ಪ್ರತಿಯನ್ನು ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಚಿತ್ರ ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಬಳಗದ್ದು. ಆ ಪ್ರತಿಯನ್ನು ಸಂಸತ್ತಿನ ಗ್ರಂಥಾಲಯದಲ್ಲಿ ಗಾಳಿ ತಾಗದ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದಾರೆ. ಅದರಲ್ಲಿ ಆರನೇ ಭಾಗಕ್ಕೆ ಮಹಾವೀರ. ಏಳನೆಯದಕ್ಕೆ ಯಾರು ಗೊತ್ತೇ? ಧರ್ಮ ಸಾರುತ್ತಿರುವ ಅಶೋಕ!

ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಗುರುತು ಸಿಗದು. ಅಶೋಕ ಎಂಬ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕೊಪ್ಪಳದಲ್ಲಿ ಎರಡಿವೆ, ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಕಲ್ಲುಗಳ ಮೇಲೆ ಚಪ್ಪಡಿ ಹೊತ್ತು ಪಲ್ಲಕ್ಕಿಯಂತೆ ನಿಂತ ಆ ಗುಂಡಿನ ಬಳಿ ಹೋದರೆ, ಸವೆದ ಬ್ರಾಹ್ಮಿ ಅಕ್ಷರ ಕಾಣಲು ಬಂಡೆಗೆ ಮುಖ ಹತ್ತಿರ ಒಯ್ಯಬೇಕು. ಅಶೋಕನ ನೆಲ, ಅಶೋಕನ ಚಿತ್ರ, ಏಳನೇ ಭಾಗ, ‘ಬಿ’ ರಾಜ್ಯ. ನಾನು ಇನ್ನು ಮರೆಯಲಾರೆ.

ಇದಕ್ಕೇ ಅಂಟಿಕೊಂಡ ಇನ್ನೊಂದು: 2012ರ 98ನೇ ತಿದ್ದುಪಡಿ ಕಾಯ್ದೆಯಿಂದ ಬಂದ 371ಜೆ. ಹೈದರಾಬಾದ್ ಕರ್ನಾಟಕಕ್ಕೆಂದು ಬಂದ ಈ ವಿಧಿಯ ಶಿಕ್ಷಣ, ಉದ್ಯೋಗದ ವಿಶೇಷ ಸೌಲಭ್ಯ ಸ್ವಾತಂತ್ರ್ಯದ ಹೊತ್ತಿಗೆ ನಿಜಾಮನ ಆಳ್ವಿಕೆಯಲ್ಲಿಲ್ಲದ ಬಳ್ಳಾರಿಗೂ ಇದೆ. 1950ರಲ್ಲಿ ಬೇರೆ ಬೇರೆ ಭಾಗಗಳಲ್ಲಿದ್ದ ಬಳ್ಳಾರಿ, ರಾಯಚೂರು, ಕೊಪ್ಪಳ ಈಗ ಒಂದೇ ವಿಧಿಯಡಿ ಇವೆ.