‘ಫ್ಯಾನ್ಸಿಫುಲ್’ ಎಂದು ಹೊಗಳುವ ಮುನ್ನ

ತಿದ್ದಲು ಬರುವ ಶಿಫಾರಸು ಪತ್ರಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ‘ಹೀ ಹ್ಯಾಸ್ ಮೆನಿ ಫ್ಯಾನ್ಸಿಫುಲ್ ಐಡಿಯಾಸ್’. ಬರೆದವರ ಮನಸ್ಸಿನಲ್ಲಿರುವುದು ಮೆಚ್ಚುಗೆಯೇ. ಓದಿದವರಿಗೆ ಮಾತ್ರ ‘ಈತ ಗಾಳಿಗೋಪುರ ಕಟ್ಟುವವ’ ಎಂದು ಕೇಳಿಸುತ್ತದೆ. ನಿಘಂಟಿನಲ್ಲಿ ‘ಕಾಲ್ಪನಿಕ’ ಎಂದು ಕಂಡದ್ದೇ ಪುಸ್ತಕ ಮುಚ್ಚಿದರೆ ಆಗುವ ಎಡವಟ್ಟು ಇದು.

ಈ ವಿಶೇಷಣದ ಬಣ್ಣ ಬದಲಾಗುವುದು ಪಕ್ಕದ ನಾಮಪದದಿಂದ. ‘ಇದು ನಿಜವೇ? ಆಗುವ ಮಾತೇ?’ ಎಂದು ಆ ನಾಮಪದವನ್ನು ಕೇಳಿ ನೋಡಿ. ಐಡಿಯಾ, ಪ್ಲಾನ್, ಕ್ಲೇಮ್, ಥಿಯರಿ, ಎಸ್ಟಿಮೇಟ್ – ಇವುಗಳಿಗೆ ಆ ಪ್ರಶ್ನೆ ಒಪ್ಪುತ್ತದೆ. ಹಾಗಾಗಿ ಇಲ್ಲೆಲ್ಲ ಫ್ಯಾನ್ಸಿಫುಲ್ ಎಂದರೆ ಬಹುಮಟ್ಟಿಗೆ ಬುಡವಿಲ್ಲದ್ದು. ಇಂಗ್ಲೆಂಡಿನ ಸಿವಿಲ್ ಕೋರ್ಟುಗಳಲ್ಲಿ ಇದು ಅಳತೆಗೋಲೇ ಆಗಿದೆ. ವಿಚಾರಣೆಯಿಲ್ಲದೆ ದಾವೆಯನ್ನು ಮುಗಿಸಬೇಕೇ ಎಂಬ ಪ್ರಶ್ನೆ ಬಂದಾಗ, ಗೆಲ್ಲುವ ಸಾಧ್ಯತೆ ‘ರಿಯಲಿಸ್ಟಿಕ್’ ಇರಬೇಕು, ‘ಫ್ಯಾನ್ಸಿಫುಲ್’ ಆಗಿದ್ದರೆ ಸಾಲದು ಎಂದದ್ದು 1999ರ ಸ್ವೇನ್–ಹಿಲ್‌ಮನ್ ತೀರ್ಪು. ಅದನ್ನು ಓದಿ ನ್ಯಾಯಾಧೀಶರು ಕಲ್ಪನಾಶಕ್ತಿಯನ್ನು ಕೊಂಡಾಡಿದರು ಎಂದುಕೊಳ್ಳುವ ವಕೀಲರಿರಲಾರರು. ಮುಂದೆ ‘ರಾದರ್’ ಸೇರಿಸಿದರೆ ಮೆತ್ತಗಾಗುತ್ತದೆ ಎಂದೂ ಕೆಲವರು ನಂಬಿದ್ದಾರೆ. ‘ರಾದರ್ ಫ್ಯಾನ್ಸಿಫುಲ್’ ಎಂದರೆ ನಯವಾಗಿ ತಳ್ಳಿಹಾಕಿದಂತೆ, ಅಷ್ಟೇ.

ಚಿತ್ರ, ಕೆತ್ತನೆ, ವೇಷಭೂಷಣಗಳ ಮುಂದೆ ಈ ಕಟುತನವಿಲ್ಲ. ರೆಕ್ಕೆಯಿರುವ ಮೀನಿನ ಚಿತ್ರವನ್ನು ‘ಎ ಫ್ಯಾನ್ಸಿಫುಲ್ ಡ್ರಾಯಿಂಗ್’ ಎನ್ನಿ, ಬರೆದವರು ಬೇಸರಿಸರು. ‘ಟೇಲ್’ ಮಾತ್ರ ಎರಡೂ ಕಡೆ ವಾಲುತ್ತದೆ: ಮಕ್ಕಳ ಕಥೆಗೆ ಸಲ್ಲುತ್ತದೆ, ತಡವಾಗಿ ಬಂದವರು ಕೊಡುವ ಕಾರಣಕ್ಕೆ ಅಂಟಿಸಿದರೆ ‘ಕಟ್ಟುಕಥೆ’ ಎಂದು ಮೂದಲಿಸಿದ ಹಾಗೆ.

ವ್ಯಕ್ತಿಯನ್ನೋ ಯೋಜನೆಯನ್ನೋ ಮೆಚ್ಚಬೇಕಿದ್ದರೆ ‘ಇಮ್ಯಾಜಿನೇಟಿವ್’ ಬರೆಯಿರಿ. ‘ಇಮ್ಯಾಜಿನರಿ’ ಅಲ್ಲ, ಅದು ಇಲ್ಲದೇ ಇರುವ ವಸ್ತುವಿಗೆ. ಥಳಕಿನ, ದುಬಾರಿ ಹೋಟೆಲ್ ಬರೀ ‘ಫ್ಯಾನ್ಸಿ’. ಲಹರಿ, ತುಂಟತನ ಹೇಳಬೇಕೆಂದರೆ ‘ವಿಮ್ಸಿಕಲ್’ ಇದೆ; ಆದರೆ ಆಡಳಿತಗಾರರಿಗೆ ಆ ಮಾತು ಅಂದರೆ ಮನಸ್ಸು ಬಂದಂತೆ ನಡೆಯುವವರು ಎಂಬ ದೂರಾಗುತ್ತದೆ, ಹುಷಾರು.

ಹೆಚ್ಚುಕಡಿಮೆ ಪೂರ್ತಿ ಲಾಭ ತರುವ ಬಳಕೆ ಒಂದಿದೆ. ಅಮೆರಿಕದ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ, ಬ್ರ್ಯಾಂಡಿಗೆಂದೇ ಹುಟ್ಟಿಸಿದ ಹೆಸರು ‘ಫ್ಯಾನ್ಸಿಫುಲ್ ಮಾರ್ಕ್’. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಬಳಕೆಗೆ ತಂದ ‘ಕೊಡಾಕ್’ ಇದರ ಮಾದರಿ. ಅಲ್ಲಿ ಅತಿ ಗಟ್ಟಿ ರಕ್ಷಣೆ ಸಿಗುವುದೂ ಇಂಥ ಹೆಸರುಗಳಿಗೇ.

ಕಾಗುಣಿತ ಬೇಗ ಹೇಳಿಬಿಡುತ್ತೇನೆ: ‘ಫ್ಯಾನ್ಸಿ’ಯ ವೈ ಜಾಗದಲ್ಲಿ ಐ, ಕೊನೆಗೆ ಒಂದೇ ಎಲ್. ಕ್ರಿಯಾವಿಶೇಷಣ ‘ಫ್ಯಾನ್ಸಿಫುಲಿ’ಗೆ ಎರಡು ಎಲ್.