ಗಲ್ಲಾದ ನಾಣ್ಯ, ಹರಾಜಿನ ನಾಣ್ಯ

ಮುಂಬಯಿಯ ಮಾಟುಂಗಾ, ಸಯನ್, ಘಾಟ್‌ಕೋಪರ್ ಕಡೆ ಹೋಟೆಲಿನ ಗಲ್ಲಾದಲ್ಲಿ ಕೂರುವ ನಮ್ಮವರ ಕೈಗೆ ದಿನಕ್ಕೆ ನೂರಾರು ನಾಣ್ಯ ಬಂದು ಹೋಗುತ್ತವೆ. ಒಂದನ್ನು ಎತ್ತಿಕೊಂಡು ಇಸವಿಯ ಕೆಳಗೆ ನೋಡಿ. ವಜ್ರದಾಕಾರದ ಪುಟ್ಟ ಗುರುತಿದ್ದರೆ ಅದು ಇದೇ ಊರಿನ ಫೋರ್ಟ್ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಯಾವ ಇಸವಿಯಲ್ಲಿ ಯಾವ ಟಂಕಸಾಲೆಯದು ಸಿಕ್ಕಿತು ಎಂದು ಗುರುತು ಹಾಕುತ್ತಾ ಹೋದರೆ ಮುಖಬೆಲೆಗಿಂತ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಸಂಗ್ರಹ ಶುರುವಾಗುತ್ತದೆ. ಈ ಹವ್ಯಾಸ ಶತಮಾನಗಳಿಂದ ಉಳಿದು ಬಂದದ್ದು ಇಂಥ ಹುಡುಕಾಟದ ರುಚಿಯಿಂದ.

ಆದರೆ ನಾಣ್ಯ ಹಿಡಿದು ನಮ್ಮ ಬಳಿ ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬೇರೆಯೇ ಇರುತ್ತದೆ: ‘ಇದಕ್ಕೆ ಎಷ್ಟು ಬರುತ್ತೆ?’ ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ ಬರುವವರೂ ಇದ್ದಾರೆ. ಅದು ಸುಳ್ಳು. ‘ಮೊದಲು ಕಮಿಷನ್ ಕಟ್ಟಿ, ಆಮೇಲೆ ದುಡ್ಡು ಕೊಡುತ್ತೇವೆ’ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಹೂಡಿಕೆ ಎಂದೇ ಕೊಳ್ಳುವವರು ಮೊದಲು ಒಂದು ಲೆಕ್ಕ ಹಾಕಿಕೊಳ್ಳಲಿ. ಹರಾಜಿನಲ್ಲಿ ಕೂಗು 10,000ಕ್ಕೆ ನಿಂತಿತು ಎನ್ನೋಣ. ಕೊಳ್ಳುವವರ ಕಮಿಷನ್ ಶೇ. 15 ಎಂದು ಹಿಡಿದರೆ ಕೈಯಿಂದ ಹೋಗುವುದು 11,500, ತೆರಿಗೆ ಬೇರೆ. ಮುಂದೆ ಮಾರುವಾಗ ಮಾರುವವರ ಕಮಿಷನ್ ಶೇ. 10 ಎಂದಾದರೆ, ಹಾಕಿದ ದುಡ್ಡು ಹಿಂದಕ್ಕೆ ಬರಲು ಕೂಗು ಸುಮಾರು 12,780 ಮುಟ್ಟಬೇಕು. ಅಂದರೆ ಬೆಲೆ ಕಾಲುಭಾಗಕ್ಕಿಂತ ಹೆಚ್ಚು ಏರಿದ ಮೇಲಷ್ಟೇ ಲಾಭದ ಮಾತು. ಟಂಕಸಾಲೆಯ ಸ್ಮಾರಕ ನಾಣ್ಯಗಳದ್ದೂ ಇದೇ ಕಥೆ. 35 ಗ್ರಾಂ ತೂಗುವ, 44 ಮಿ.ಮೀ. ಅಗಲದ ಆ ನಾಣ್ಯಗಳಲ್ಲಿ ಬಹುಪಾಲಿನಲ್ಲಿ ಬೆಳ್ಳಿ ಅರ್ಧದಷ್ಟೇ, 17.5 ಗ್ರಾಂ. ಮಿಕ್ಕ ಬೆಲೆಯೆಲ್ಲ ತಯಾರಿಕೆಗೆ, ಪೆಟ್ಟಿಗೆಗೆ, ಬೇಡಿಕೆಗೆ. ಬೇಡಿಕೆ ಇಳಿದರೆ ಕೈಯಲ್ಲಿ ಉಳಿಯುವುದು ಆ ಹದಿನೇಳೂವರೆ ಗ್ರಾಂ. ಲೋಹದ ಮೇಲೆ ದುಡ್ಡು ಹಾಕುವುದೇ ಉದ್ದೇಶವಾದರೆ ಬೆಳ್ಳಿ ಗಟ್ಟಿಯನ್ನೇ ಕೊಳ್ಳಿ ಎಂದು ನಾವು ನೇರವಾಗಿ ಹೇಳುತ್ತೇವೆ.

ದೀಪಾವಳಿ ಲಕ್ಷ್ಮೀಪೂಜೆಗೆ ಇಡುವ ಬ್ರಿಟಿಷರ ಕಾಲದ ರಾಣಿ ರೂಪಾಯಿ, ರಾಜನ ರೂಪಾಯಿಗಳಲ್ಲಿ ನಕಲಿ ವಿಪರೀತ. ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7. 1940ರಿಂದ ಬೆಳ್ಳಿ ಶೇ. 50ಕ್ಕೆ ಇಳಿಯಿತು. 1947ರ ಹುಲಿ ಚಿತ್ರದ ರೂಪಾಯಿ ಪೂರಾ ನಿಕ್ಕಲ್. ಹಾಗಾಗಿ ಅಯಸ್ಕಾಂತಕ್ಕೆ ಅದು ಅಂಟಲೇಬೇಕು, ಬೆಳ್ಳಿಯದು ಅಂಟಲೇಬಾರದು.

ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಅಂಟಿದ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಶೇ. 91.7 ಬೆಳ್ಳಿಯ ರೂಪಾಯಿಗೆ ಅದು 1.13 ಗ್ರಾಂ ಆಸುಪಾಸು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಕಲಿಗೆ 1.31ರ ಹತ್ತಿರ ಬರುತ್ತದೆ. ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಅಂಚು ನೋಡಿ: ಎರಕದ ನಕಲಿಯಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಸಿಗುತ್ತದೆ, ಅಕ್ಷರಗಳ ಮೂಲೆ ಸೋಪಿನಂತೆ ಕರಗಿರುತ್ತದೆ, ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ.

ಅದೇ ಭೂತಗನ್ನಡಿಯನ್ನು 1911ರ ಐದನೇ ಜಾರ್ಜ್ ದೊರೆಯ ರೂಪಾಯಿಯತ್ತ ತಿರುಗಿಸಿ. ದೊರೆಯ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಮೋಟು, ಥೇಟ್ ಹಂದಿ. ಜನ ಗಲಾಟೆ ಮಾಡಿದ್ದಕ್ಕೆ ನಾಣ್ಯ ಹಿಂದೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗಿನ ಖುಷಿ ಮಾರುಕಟ್ಟೆ ಏರಿದರೂ ಇಳಿದರೂ ಅಷ್ಟೇ ಇರುತ್ತದೆ.

ಕನ್ನಡ ಬಲ್ಲವರಿಗೆ ಮತ್ತೊಂದು ಭಾಗ್ಯವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಇದೆ, ಯಾರ ನೆರವೂ ಬೇಡದೆ ಓದಬಹುದು. ಟಿಪ್ಪುವಿನ ಆನೆ ಪೈಸೆಗಳಲ್ಲಿ ಮೌಲೂದಿ ಎಂಬ ಅವನದೇ ಕಾಲಗಣನೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದೆ ಇಸವಿ ತಪ್ಪಾಗಿ ಬರೆದಿಟ್ಟ ಲಕೋಟೆಗಳು ಬಹಳ. ಗೋವಾ ಕದಂಬರ ಸಿಂಹಲಾಂಛನದ ಗದ್ಯಾಣ ಎಂಬ ನಾಣ್ಯ ಚಿನ್ನದ್ದು. ಹೊಸಬರು ಅದರ ತಂಟೆಗೆ ಹೋಗಬೇಡಿ, ತಾಮ್ರದಲ್ಲಿ ಕಣ್ಣು ಪಳಗಲಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ವಿದೇಶದ ನೆಂಟರಿಗೆ ಕಳುಹಿಸುವ ಹಾಗಿಲ್ಲ.

ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದರಿಂದಲೂ ಉಜ್ಜಬೇಡಿ. ಉಜ್ಜಿದ ಗೀರು ಮತ್ತೆ ಮಾಯುವುದಿಲ್ಲ, ಬೆಲೆ ಅಲ್ಲೇ ಕುಸಿಯುತ್ತದೆ. ಮುಂಬಯಿ ಮಳೆಗಾಲದ ತೇವಕ್ಕೆ ಅಗ್ಗದ ಪಿವಿಸಿ ಆಲ್ಬಂ ಜಿನುಗಿ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರ್ ಬಳಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಪ್ರತಿ ಹೋಲ್ಡರ್ ಮೇಲೆ ಇಸವಿ, ಟಂಕಸಾಲೆ, ತೂಕ, ಕೊಂಡ ದಿನ, ಕೊಟ್ಟ ಬೆಲೆ ಬರೆದಿಡಿ. ಚೀಟಿಯಿಲ್ಲದ ಸಂಗ್ರಹ ಮುಂದೆ ಮಕ್ಕಳ ಕೈಗೆ ಬಂದಾಗ ತೂಕದ ಲೆಕ್ಕದಲ್ಲಿ ಬೆಳ್ಳಿ ಅಂಗಡಿಗೆ ಹೋಗಿ ಕರಗುತ್ತದೆ.